ಮಾವ ನೋಡಲಿ ಅಂತ ಹಾಕಿದ ಸ್ಟೇಟಸ್‌ಗಳು

ನಂಬಬ್ಯಾಡ್ರಿ. ಮೊದಲೇ ಹೇಳಿಬಿಡ್ತೀನಿ, ನಂಬುವ ಮಂದಿಗೆ ಹೇಳೋದರಲ್ಲಿ ನನಗೆ ಮಜಾ ಇಲ್ಲ. ‘ಇಂವ ಬರೇ ಬಿಡ್ತಾನ’ ಅಂತ ಮೂಗು ಮುರಿದು ಕುಂತವರನ್ನೇ ಮುಂದೆ ಕೂರಿಸಿಕೊಂಡು ಹೇಳಬೇಕು. ಕಡೀಕ ಅವರೇ ಬಾಯಿ ತೆರೆದು ‘ಆಮ್ಯಾಲ ಏನಾತೋ?’ ಅನ್ನಬೇಕು. ಹಂಗ ಅನ್ನದವರು ಇವತ್ತಿನವರೆಗೆ ನನಗೆ ಸಿಕ್ಕಿಲ್ಲ. ಕೈಯಲ್ಲಿ ಮೊಬೈಲ್ ಇದ್ದವನಿಗೆ ಇಂಥವು ಆಗ್ತಾನೇ ಇರ್ತಾವೆ. ಆ ಮೊಬೈಲ್ ನನ್ನಂಥ ಚೆಲುವನ ಕೈಯಲ್ಲಿದ್ದರಂತೂ ಕೇಳಲೇಬ್ಯಾಡ್ರಿ.

ನಾನು ಮುದ್ದೇಬಿಹಾಳ ಕಡೆಯ ಹಳ್ಳಿಯಾಂವ. ಗೋವಾದ ಕುಂಕಳ್ಳಿಯಲ್ಲಿ ಸೈಕಲ್ ಮೇಲೆ ಪಾವ್, ಅಂದ್ರ ಇಲ್ಲಿಯ ಬ್ರೆಡ್ಡು, ಮಾರ್ತೀನಿ. ಪಾವ್ ತರುವವನಿಗೆ ಇಲ್ಲಿ ‘ಪೊದೆರ್’ ಅಂತಾರೆ. ಹಿಂದಿನ ಕ್ಯಾರಿಯರ್‌ಗೆ ದೊಡ್ಡ ಬಿದಿರು ಬುಟ್ಟಿ, ಅದರ ಮೇಲೆ ನೀಲಿ ತಾಡಪತ್ರಿ, ಹ್ಯಾಂಡಲ್ಲಿಗೆ ರಬ್ಬರ್ ಹಾರ್ನ್. ನಸುಕಿನಲ್ಲಿ ಒಂದು ಸುತ್ತು, ಸಂಜಿಮುಂದ ಒಂದು ಸುತ್ತು. ಬೇರೆ ಬೇಕರಿಯವರು ಹಾರ್ನ್ ಹೊಡೆದರೆ ನಾಯಿ ಬೊಗಳ್ತಾವೆ, ನಾನು ಹೊಡೆದರೆ ಬಾಗಿಲು ತೆರೀತಾವೆ. ಜಂಬ ಅಲ್ಲ, ಬೇಕಾದ್ರ ಬಂದು ನೋಡ್ರಿ. ಊರಲ್ಲಿ ಮಾತ್ರ ‘ಬೇಕರಿ ಬಿಸಿನೆಸ್’ ಅಂತ ಹೇಳಿದ್ದೆ. ಸುಳ್ಳೇನಲ್ಲ. ಬೇಕರಿ ಐತಿ, ಬಿಸಿನೆಸ್ಸೂ ಐತಿ. ಎರಡೂ ಬೇರೆಯವರವು, ಅಷ್ಟೇ.

ಊರಲ್ಲಿ ನನಗೊಬ್ಬ ಮಾವ ಇದ್ದಾನೆ. ಅವ್ವನ ಕಾಕಾನ ಮಗ, ಬಳಗದ ಲೆಕ್ಕದಲ್ಲಿ ನನಗೆ ಸೋದರಮಾವ. ಅವನಿಗೊಬ್ಬಳು ಮಗಳು. ಡಿಗ್ರಿ ಮುಗಿಸಿ ಊರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡ್ತಾಳೆ. ಕ್ಯಾನಿನ ಮುಚ್ಚಳ ತೆಗೆಯೋದರೊಳಗೇ “ಕಾಕಾ, ಇವತ್ತು ಬಾವಿ ನೀರೋ, ನಳದ ನೀರೋ?” ಅಂತ ಕೇಳುವಾಕಿ. ನನ್ನ ಮನಸ್ಸು ಆಕಿ ಮೇಲೆ ಐತಿ ಅಂತ ಡೇರಿಗೆ ಹಾಲು ಹಾಕುವ ಎಮ್ಮೆಗಳಿಗೂ ಗೊತ್ತು. ಅವ್ವ ಹೋಗಿ ಹೆಣ್ಣು ಕೇಳಿದಾಗ ಮಾವ ಮೀಸೆ ತಿರುವಿ ಅಂದನಂತೆ, “ಅಕ್ಕಾ, ನಿನ್ನ ಮಗಾ ಗೋವಾದಾಗ ಏನ್ ಕಿಸದಾನ ಅಂತ ಮೊದಲ ತೋರಿಸ್ಲಿ. ಆಮ್ಯಾಲ ನೋಡೂಣು.”

ತೋರಿಸ್ಲಿ ಅಂದನಲ್ಲ? ತೋರಿಸಿದೆ. ವಾಟ್ಸಾಪ್‌ನಲ್ಲಿ ಸ್ಟೇಟಸ್ ಇರೋದು ಮತ್ಯಾತಕ್ಕ?

ಕಣ್ಣಿನ ಆಪರೇಷನ್

ರೂಮಿನಲ್ಲಿ ನನ್ನ ಜೊತೆ ತಾಳಿಕೋಟಿಯ ಒಬ್ಬ ಗೆಳೆಯ ಇದ್ದಾನೆ. ಟೆಂಪೊ ಓಡಿಸ್ತಾನೆ, ಪಾಂಚ್ ವಕ್ತ್ ನಮಾಜು ಮಾಡ್ತಾನೆ, ಉಳಿದ ಹೊತ್ತು ನನಗೆ ಬುದ್ಧಿ ಹೇಳ್ತಾನೆ. ನನ್ನ ಕ್ಯಾಮೆರಾಮನ್ ಅವನೇ. ಒಂದು ರಜಾ ದಿನ ಬೀಚಿಗೆ ಹೋದೆವು. ನಾನು ಎದೆ ಸೆಟೆದು ನಿಂತರೆ ಅಂವ ಮೊಬೈಲ್ ಕೆಳಗಿಳಿಸಿದ.

“ದೋಸ್ತ, ನಿಂತ್ರ ಕೂಲಿಗೆ ಹಚ್ಚಿದವರಂಗ ಕಾಣ್ತಿ. ಮಕ್ಕೋ. ಸಾಹುಕಾರ್ರು ಮಕ್ಕೋತಾರ.”

ಅಲ್ಲೊಂದು ಹೋಟೆಲಿನವರು ಛತ್ರಿ ಕೆಳಗೆ ಉದ್ದನ್ನ ಕಟ್ಟಿಗೆ ಮಂಚ ಹಾಕಿದ್ದರು. ಮ್ಯಾನೇಜರ್ ಒಳಗೆ ಹೋದದ್ದೇ ತಡ, ಮಲಗಿದೆ. ಗೆಳೆಯನ ಕರೇ ಚಾಳೀಸು, ಅಂದ್ರ ಕಪ್ಪು ಕನ್ನಡಕ, ಹಾಕಿಕೊಂಡೆ. ಯಾರೋ ಕುಡಿದಿಟ್ಟು ಹೋದ ಎಳನೀರಿಗೆ ಬಾಯಿ ಹಚ್ಚಿದೆ. ಒಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ, ಆದರೂ ಕಣ್ಣು ಮುಚ್ಚಿ ಸುಖಪಟ್ಟೆ. ಕೆಳಗೆ ‘ಲೈಫ್’ ಅಂತ ಬರೆದು ಸ್ಟೇಟಸ್ ಹಾಕಿದೆ.

ಅರ್ಧ ತಾಸಿಗೆ ಅವ್ವನ ಫೋನು. ಹಲೋ ಇಲ್ಲ, ಏನಿಲ್ಲ, ಸೀದಾ ಅಳು.

“ಯಾವಾಗ ಮಾಡಿದ್ರೋ ಆಪರೇಷನ್? ಹಡದ ತಾಯಿಗೆ ಒಂದು ಮಾತು ಹೇಳಬಾರದೇನೋ?”

“ಯಾವ ಆಪರೇಷನ್ ಬೇ?”

“ಕಣ್ಣಿಂದು! ಕರೇ ಚಾಳೀಸ ಹಾಕ್ಯಾರ, ಹಾಡಹಗಲ ಮಂಚದ ಮ್ಯಾಲ ಮಲಗಿಸ್ಯಾರ, ಎಳನೀರ ಕುಡಸಾಕತ್ತಾರ. ದವಾಖಾನ್ಯಾಗ ಜಾಗಾನೂ ಸಿಗಲಿಲ್ಲೇನೋ, ನನ್ನ ಮಗನ್ನ ಬಯಲಾಗ ಹಾಕ್ಯಾರಲ್ಲೋ!”

ತಪ್ಪು ಅವ್ವಂದಲ್ಲ. ನಮ್ಮೂರಲ್ಲಿ ಕರೇ ಚಾಳೀಸು ಹಾಕೋದು ಕಣ್ಣಿನ ಕ್ಯಾಂಪಿನಿಂದ ಬಂದ ಮುದುಕರು. ಹಗಲು ಮಂಚ ಹಿಡಿಯೋದು ರೋಗಿಗಳು. ಎಳನೀರು ಒಳಗೆ ಹೋಗೋದು ಡಾಕ್ಟರು ಹೇಳಿದಾಗ ಮಾತ್ರ. ನಾನು ಮೂರನ್ನೂ ಒಂದೇ ಫೋಟೋದಲ್ಲಿ ತೋರಿಸಿದ್ದೆ. ಸಂಜೆಯೊಳಗೆ ಬಳಗದವರೆಲ್ಲ ಫೋನ್ ಮಾಡಿದರು. ಒಬ್ಬಾಕಿ ದೊಡ್ಡಮ್ಮ ಒಗ್ಗರಣೆ ಹೊಗೆ ಕಡೆ ಸುಳಿಯಬ್ಯಾಡ ಅಂದಳು. ಇನ್ನೊಬ್ಬಾಕಿ ತಲೆಗೆ ನೀರು ಹಾಕ್ಕೋಬ್ಯಾಡ ಅಂದಳು. ಕಡೀಕ ಮಾವನ ಫೋನು ಬಂತು.

“ಮೀಸಿ ಹಣ್ಣಾದ ನನಗ ಇನ್ನೂ ಪೊರಿ ಬಂದಿಲ್ಲ, ನಿನಗ ಬಂತು. ಇರ್ಲಿ, ದುಃಖ ಮಾಡ್ಕೋಬ್ಯಾಡ. ಹುಡುಗಿ ವಿಚಾರ ಕಣ್ಣಿನ ಕಟ್ಟ ಬಿಚ್ಚಿದ ಮ್ಯಾಲ ಮಾತಾಡೂಣು.”

ದಾನ

ಗೆಳೆಯ ಭಾಳ ವಿಚಾರ ಮಾಡಿ ಅಂದ, “ಮಲಗೋದು ಬ್ಯಾಡ ದೋಸ್ತ. ದಾನ ಮಾಡೋದು ಹಾಕು. ದಾನ ಮಾಡಾಂವನ್ನ ಬಡವ ಅಂತ ಯಾವನೂ ಅನ್ನಂಗಿಲ್ಲ.”

ನಮ್ಮ ಬೇಕರಿ ಎದುರಿನ ಕಟ್ಟೆ ಮೇಲೆ ಒಬ್ಬ ಮುದುಕ ದಿನಾ ಕೂರ್ತಿದ್ದ. ತೂತು ಬಿದ್ದ ಬನಿಯನ್, ಬಣ್ಣ ಹೋದ ಚಡ್ಡಿ, ವಾರದ ಗಡ್ಡ. ದಾನಕ್ಕೆ ಹೇಳಿ ಮಾಡಿಸಿದ ಮನುಷ್ಯ. ನಾಲ್ಕು ಪಾವ್ ಕಾಗದದಲ್ಲಿ ಸುತ್ತಿಕೊಂಡು ಹೋದೆ. ಗೆಳೆಯ ವಿಡಿಯೋ ಹಚ್ಚಿದ. ನಾನು ಬಗ್ಗಿ ಎರಡೂ ಕೈಯಿಂದ ಕೊಟ್ಟು, ಮುದುಕನ ಹೆಗಲ ಮೇಲೆ ಕೈಯಿಟ್ಟು, ಕ್ಯಾಮೆರಾ ಕಡೆ ತಿರುಗಿ ಕಣ್ಣು ಒದ್ದೆ ಮಾಡಿಕೊಂಡೆ. ಕಣ್ಣು ಒದ್ದೆ ಮಾಡೋದು ನನಗೆ ಹುಟ್ಟಾ ಬಂದ ವಿದ್ಯೆ.

ಮುದುಕ ಕೈಮುಗೀಲಿಲ್ಲ. ಪಾವನ್ನು ಹೆಬ್ಬೆರಳಿನಿಂದ ಒತ್ತಿದ. ಇವತ್ತಿನ ಪಾವಾದರೆ ಒತ್ತಿದ್ದು ಮೇಲೆ ಬರ್ತದೆ. ಇದು ಬರಲಿಲ್ಲ.

“ನಿನ್ನೆಯದು,” ಅಂದ ಹಿಂದಿಯಲ್ಲಿ. “ವಿಡಿಯೋಕ್ಕೇನು?”

“ಹೌದ್ರಿ ಅಂಕಲ್.”

“ಹಂಗಿದ್ರೆ ಇವತ್ತಿನದು ತಗೊಂಡು ಬಾ. ನಾನೂ ಅಂಗಿ ಹಾಕ್ಕೊಂಡು ಬರ್ತೀನಿ.”

ಎದ್ದು ನಮ್ಮ ಬೇಕರಿಯ ಪಕ್ಕದ ದೊಡ್ಡ ಗೇಟಿನೊಳಗೆ ಹೋದ. ಅಷ್ಟರಲ್ಲಿ ನಮ್ಮ ಮಾಲಕ ಹಿಟ್ಟಿನ ಕೈಯಲ್ಲೇ ಓಡಿ ಬಂದ. ಅವನಿಗೆ ನಾವೆಲ್ಲ ‘ಪಾತ್ರಾಂವ್’ ಅಂತೀವಿ, ಇಲ್ಲಿ ಯಜಮಾನರನ್ನ ಕರೆಯೋದೇ ಹಂಗ.

“ಲೇ, ಯಾರಿಗೆ ಭಿಕ್ಷೆ ಹಾಕ್ದೆ ಗೊತ್ತದಾ? ಈ ಬೇಕರಿ ನಿಂತ ಜಾಗ ಅವರದು. ನೀ ಮಲಗೋ ರೂಮು ಅವರದು. ನೀ ಒರಗಿ ನಿಂತೀಯಲ್ಲ, ಆ ಕಂಬವೂ ಅವರದು!”

ಮುದುಕ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಗಡ್ಡಕ್ಕೆ ಪೌಡರ್ ಹಚ್ಚಿಕೊಂಡು ಬಂದ. ನಂತರ ನಮ್ಮನ್ನ ಬಿಡಲಿಲ್ಲ. ಎಡಗಡೆ ಮುಖ ಚಲೋ ಬರ್ತದೆ ಅಂತ ಆ ಕಡೆ ಕುಂತ. ಬಿಸಿಲು ಸರಿಯಿಲ್ಲ ಅಂತ ಈ ಕಡೆ ಕುಂತ. ಬಿಸಿ ಪಾವಿನ ಬುಟ್ಟಿ ಅರ್ಧ ಖಾಲಿಯಾಗುವವರೆಗೆ ನಾನು ದಾನ ಮಾಡಿದ್ದೇ ಮಾಡಿದ್ದು.

ಆ ವಿಡಿಯೋ ಸ್ಟೇಟಸ್ ಹಾಕಿದೆ. ರಾತ್ರಿ ಊಟದ ಹೊತ್ತಿಗೆ ಮಾವ ಫೋನ್ ಮಾಡಿದ. ಈ ಸಲ ಅವನ ದನಿ ಖರೇನ ಮೆತ್ತಗಾಗಿತ್ತು.

“ಆ ಇಸ್ತ್ರಿ ಅಂಗಿ ಸಾಹುಕಾರ ನಿನಗ ಬ್ರೆಡ್ ದಾನ ಮಾಡಾಕತ್ತಾನಲ್ಲೋ. ಕೂಳಿಗೂ ಕಷ್ಟ ಐತೇನು? ಎರಡು ಸೇರು ಜ್ವಾಳ ಕಳಿಸ್ಲೇನು?”

ಹಿಂದೆಯೇ ಮಾವನ ಮಗಳ ಮೆಸೇಜು: “ಕೊಟ್ಟಾಂವ ಯಾರು, ತಗೊಂಡಾಂವ ಯಾರು ತಿಳೀವಲ್ದು. ಇಬ್ಬರೂ ಕ್ಯಾಮೆರಾನ ನೋಡಾಕತ್ತೀರಿ.”

ಯಾರ ಎಮ್ಮಿ ಸತ್ತಿತ್ತು?

ಆಕಿ ಹಂಗ ಅಂದದ್ದು ನನಗೆ ಚುಚ್ಚಿತು. ಚುಚ್ಚಿತು ಅಂತ ಆಕಿಗೆ ಗೊತ್ತಾಗಬೇಕು, ಆದರೆ ನಾನು ಹೇಳಬಾರದು. ಅದಕ್ಕೂ ಸ್ಟೇಟಸ್ಸೇ ಮದ್ದು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಒಂದು ಮಾತು ಹುಡುಕಿ ಹಾಕಿದೆ: ‘ಮುಖ ನೋಡಿ ನಂಬಿದ್ದೆ. ಮನಸ್ಸು ಕಂಡ ಮೇಲೆ ಸುಮ್ಮನಾದೆ.’ ಪಕ್ಕದಲ್ಲಿ ಒಡೆದ ಹೃದಯ.

ಆಕಿ ನೋಡಿ, ಗಾಬರಿಯಾಗಿ, “ಏನಾತು?” ಅಂತ ಕೇಳಬೇಕು. ನಾನು “ಏನಿಲ್ಲ” ಅನ್ನಬೇಕು. ಲೆಕ್ಕಾಚಾರ ಇಷ್ಟೇ ಇತ್ತು.

ಮೊದಲು ಬಂದವನು ಗೆಳೆಯ. ತಲೆ ತಗ್ಗಿಸಿ ಬಾಗಿಲಲ್ಲಿ ನಿಂತ. “ತಪ್ಪಾತು ದೋಸ್ತ. ನಿಮ್ಮವ್ವ ಕಳಿಸಿದ್ದ ಉಪ್ಪಿನಕಾಯಿ ಖಾಲಿ ಮಾಡಿದ್ದು ಇಲಿ ಅಲ್ಲ.”

ಆಮೇಲೆ ಪಾತ್ರಾಂವ್. ಯಾರ ಕೈಲೋ ಓದಿಸಿಕೊಂಡಿದ್ದ. “ಹೊಸ ಟೈರು ನಿನ್ನ ಸೈಕಲ್ಲಿಗೆ ಹಾಕಬೇಕಿತ್ತು, ಇನ್ನೊಬ್ಬನದಕ್ಕೆ ಹಾಕ್ದೆ. ಅದಕ್ಕೆ ಅಷ್ಟೆಲ್ಲ ಬರೀಬೇಕಾ? ನಾಳೆ ನಿನಗೂ ಹಾಕಿಸ್ತೇನೆ.”

ಊರಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ. “ಅಣ್ಣಾ, ಮಾವನ ಮುಂದ ನಿನ್ನ ಚಾಡಿ ಹೇಳಿದ್ದು ನಾನ. ಆದ್ರ ದೇವರಾಣಿ, ಅರ್ಧಾನ ಹೇಳೀನಿ. ಉಳಿದರ್ಧ ಹೊಟ್ಟಿಯಾಗ ಇಟ್ಕೊಂಡೀನಿ.”

ಒಂದು ಠಾಣೆಯ ಪೊಲೀಸರಿಗೂ ಒಂದೇ ದಿನ ಇಷ್ಟು ತಪ್ಪೊಪ್ಪಿಗೆ ಸಿಕ್ಕಿರಲಿಕ್ಕಿಲ್ಲ. ಆದರೆ ಯಾರಿಗೆ ಹಾಕಿದ್ದೆನೋ ಆಕಿಯಿಂದ ಮಾತಿಲ್ಲ, ಕಥೆಯಿಲ್ಲ. ಮರುದಿನ ನಾನು ಪಾವಿನ ಸುತ್ತು ಮುಗಿಸಿ ಬರುವಾಗ ಉತ್ತರ ಬಂತು:

“ಇದನ್ನ ಹೋದ ತಿಂಗಳ ನಮ್ಮ ಡೇರಿ ಸೆಕ್ರೆಟರಿ ಹಾಕಿದ್ರು. ಅವರ ಎಮ್ಮಿ ಸತ್ತಿತ್ತು. ನಿಂದ್ಯಾವುದು?”

ಕೆಳಗ ಖರೇ ಬರಿ

ಅವತ್ತೇ ಸಂಜೆ ಧೈರ್ಯ ಮಾಡಿ ಆಕಿಗೆ ಫೋನ್ ಹಚ್ಚಿದೆ. ಧೈರ್ಯ ಅಂದರೆ ನನಗೆ ಧೈರ್ಯ ಕಡಿಮೆ ಅಂತ ತಿಳೀಬ್ಯಾಡ್ರಿ. ಆಕಿ ಮುಂದೆ ಅಷ್ಟೇ.

“ಒಂದು ಮಾತು ಕೇಳ್ತೀನಿ,” ಅಂದಳು. “ಇವನ್ನೆಲ್ಲ ಯಾಕ ಹಾಕ್ತಿ?”

“ಎಲ್ಲಾರೂ ಹಾಕ್ತಾರ.”

“ಎಲ್ಲಾರನ್ನ ಕೇಳಲಿಲ್ಲ.”

“ಹಂಗ... ಸುಮ್ನ.”

“ಡೇರಿಯಾಗ ‘ಸುಮ್ನ’ ಅನ್ನೋರ ಹಾಲಿನ್ಯಾಗ ಅರ್ಧ ನೀರ ಇರ್ತೈತಿ. ಒಂದು ಕೆಲಸ ಮಾಡು. ಇನ್ಮ್ಯಾಲ ಏನರ ಹಾಕಿದ್ರ, ಅದನ್ನ ಯಾಕ ಹಾಕೀನಿ ಅಂತ ಕೆಳಗ ಖರೇ ಬರಿ. ಬರಿಯಾಕ ನಾಚಿಕಿ ಬಂದ್ರ ಹಾಕಬ್ಯಾಡ.”

ನನಗೆ ನಾಚಿಕಿ? ಆ ಸಾಮಾನು ನಮ್ಮ ಮನೆತನದಲ್ಲೇ ಇಲ್ಲ. ಮರುದಿನವೇ ಶುರು ಮಾಡಿದೆ. ಕೆಂಪು ಕಾರಿಗೆ ಒರಗಿದ ಫೋಟೋ ಹಾಕಿ ಬರೆದೆ: ‘ಗಾಡಿ ನಂದಲ್ಲ. ಮಾವ ಉರೀಲಿ ಅಂತ ಒರಗೀನಿ. ಮಾಲಕ ಚಹಾ ಕುಡ್ಯಾಕ ಹೋಗ್ಯಾನ.’ ಅಂಗಿ ಬಿಚ್ಚಿದ ಫೋಟೋ ಹಾಕಿ ಬರೆದೆ: ‘ಹೊಟ್ಟಿ ಒಳಗ ಎಳ್ಕೊಂಡೀನಿ. ನೀವು ಇದನ್ನ ಓದೋದ್ರೊಳಗ ಬಿಟ್ಟಿರ್ತೀನಿ.’ ಬಿರ್ಯಾನಿ ತಾಟಿನ ಕೆಳಗೆ: ‘ಇದು ಗೆಳೆಯಂದು. ಫೋಟೋ ಆದಕೂಡ್ಲೆ ಕಸ್ಕೊಂಡ. ಉಪ್ಪಿನಕಾಯಿ ನೆನಪು ಮಾಡಿದೆ, ಆದ್ರೂ ಕೊಡಲಿಲ್ಲ.’

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಇಷ್ಟು ದಿನ ಕದ್ದು ನೋಡಿ ಸುಮ್ಮನಿದ್ದವರು ‘ಇನ್ನೊಂದು ಹಾಕೋ’ ಅಂತ ಬರೆದರು. ಆದರೆ ಒಂದು ವಿಚಿತ್ರ ಆಯಿತು. ಭಾಳಷ್ಟು ಫೋಟೋ ಹಾಕಲಿಕ್ಕೇ ಆಗಲಿಲ್ಲ. ಕಾರಣ ಬರೀತಿದ್ದೆ, ಓದ್ತಿದ್ದೆ, ಕಿವಿ ಬಿಸಿಯಾಗ್ತಿದ್ದವು, ಎರಡನ್ನೂ ಅಳಿಸ್ತಿದ್ದೆ. ಮನೆತನದಲ್ಲಿ ಇಲ್ಲದ ಸಾಮಾನು ಎಲ್ಲಿಂದ ಬಂತೋ ಗೊತ್ತಿಲ್ಲ.

ಒಂದು ಸಲ ಬೇಕರಿಯ ಒಲೆಯ ಬೆಚ್ಚಗಿನ ಗಚ್ಚಿನ ಮೇಲೆ ಒಂದು ಬೆಕ್ಕು ಮೈಯೆಲ್ಲ ಹಿಟ್ಟು ಮಾಡಿಕೊಂಡು ಮಲಗಿತ್ತು. ಫೋಟೋ ತೆಗೆದೆ. ಯಾಕೆ ಅಂತ ಎಷ್ಟು ಕೆದಕಿದರೂ ಒಳಗಿಂದ ಒಂದೇ ಬಂತು: ‘ಚಂದ ಕಾಣಿಸ್ತು.’ ಅಷ್ಟೇ ಬರೆದು ಹಾಕಿದೆ. ಅವತ್ತು ಆಕಿ ಚುಚ್ಚಲಿಲ್ಲ. “ಬೆಕ್ಕು ಭಾಳ ಚಲೋ ಐತಿ,” ಅಂತ ಬರೆದಳು.

ನಾನು ರೂಮಿನಲ್ಲಿ ಕುಣಿದೆ. ಗೆಳೆಯ ಕೇಳಿದ, “ನಿನ್ನ ಬಗ್ಗೆ ಏನಂದ್ಲು?”

“ಇನ್ನೂ ಏನೂ ಅಂದಿಲ್ಲ. ಆದ್ರ ನಮ್ಮ ಬೇಕರಿ ತನಕ ಬಂದಾಳ!”

ಮನಿ ನೋಡಾಕ ಬಂದ್ರು

ಈಗ ನೀವು ನಂಬದ ಭಾಗ.

ನನ್ನ ಸುತ್ತಿನಲ್ಲಿ ಒಂದು ಹಳೇ ಮನಿ ಬರ್ತದೆ. ಕೆಂಪು ಹೆಂಚು, ಹಳದಿ ಗೋಡೆ, ಬಾಗಿಲ ಮುಂದೆ ಎರಡೂ ಕಡೆ ಕೂರಲು ಕಲ್ಲಿನ ಕಟ್ಟೆ, ಹಿಂದೆ ಬಾವಿ, ತೆಂಗಿನ ಗಿಡ. ಒಬ್ಬಾಕಿ ವಯಸ್ಸಾದ ಆಂ‌ಟಿ ಇರ್ತಾಳೆ. ಗೇಟಿಗೆ ಬಟ್ಟೆ ಚೀಲ ತೂಗುಹಾಕಿರ್ತಾಳೆ, ನಾನು ಅದರಲ್ಲಿ ಪಾವ್ ಹಾಕಿ ಹೋಗ್ತೀನಿ. ಒಂದು ದಿನ ಆ ಮನಿ ಫೋಟೋ ಹಾಕಿ ಖರೇ ಬರೆದೆ: ‘ಇದು ನನ್ನ ಮನಿ ಅಲ್ಲ. ನನಗೂ ಇದಕ್ಕೂ ಏನೂ ಸಂಬಂಧಿಲ್ಲ. ಕುಂಕಳ್ಳಿಯಾಗ ಇಷ್ಟು ಚಂದದ ಮನಿ ಇನ್ನೊಂದಿಲ್ಲ ಅಂತ ಹಾಕೀನಿ.’

ಇಷ್ಟು ದಿನ ‘ನಂದು ನಂದು’ ಅಂದಾಗ ಒಂದನ್ನೂ ನಂಬದ ಮಾವ, ‘ನಂದಲ್ಲ’ ಅಂದಕೂಡಲೇ ನಂಬಿಬಿಟ್ಟ!

ಯಾಕಂದ್ರ ನಮ್ಮ ಕಡೆ ರೂಢಿ ಹಂಗೈತಿ. ಹೊಲದಲ್ಲಿ ಜೋಳ ಎದೆಮಟ ನಿಂತಿರ್ತದೆ, ‘ಹೆಂಗೈತ್ರಿ ಬೆಳಿ?’ ಅಂತ ಕೇಳಿದರೆ ‘ಏನ್ ಬೆಳಿರಿ, ಎಲ್ಲಾ ಹಾಳಾತು’ ಅಂತಾರೆ. ಎಮ್ಮೆ ಬಕೆಟ್ ತುಂಬ ಹಿಂಡ್ತಿದ್ದರೆ ‘ಚಹಾಕ್ಕ ಆಗ್ತೈತಿ ನೋಡ್ರಿ’ ಅಂತಾರೆ. ದೃಷ್ಟಿ ತಾಗಬಾರದಲ್ಲ? ಇದ್ದವನು ಯಾವಾಗಲೂ ಇಲ್ಲ ಅಂತಾನೆ. ಮಾವ ಊರ ಕಟ್ಟೆ ಮೇಲೆ ಕುಂತು ಎಲ್ಲರಿಗೂ ಮೊಬೈಲ್ ತೋರಿಸಿ ಅಂದನಂತೆ, “ಸಂಬಂಧಿಲ್ಲಂತ! ಯಾರೂ ಕೇಳದನ ಸಂಬಂಧಿಲ್ಲ ಅಂತಾನಂದ್ರ ಕಾಗದಪತ್ರ ಎಲ್ಲಾ ಇವನ ಹೆಸರಿಗೇ ಅದಾವ. ಹುಡುಗ ಭಾರಿ ಹುಷಾರಾಗ್ಯಾನ.”

ಒಂದು ಕ್ರೂಸರ್ ಗಾಡಿ ಬಾಡಿಗೆ ಮಾಡಿ, ಬಳಗ ತುಂಬಿಕೊಂಡು, ಮಗಳನ್ನೂ ಕರಕೊಂಡು, ನನಗೆ ಸುದ್ದಿಯಿಲ್ಲದೆ ‘ಮನಿ ನೋಡಾಕ’ ಬಂದೇಬಿಟ್ಟ. ಫೋಟೋ ತೋರಿಸಿ ದಾರಿ ಕೇಳಿದ್ದಾರೆ, ಯಾರೋ ಗೇಟಿನ ತನಕ ಬಿಟ್ಟಿದ್ದಾರೆ.

ಸಂಜೆ ಸುತ್ತಿಗೆ ನಾನು ತಿರುವಿನಲ್ಲಿ ಬಂದಾಗ ಕಂಡದ್ದು ಇದು. ಕ್ರೂಸರ್ ಗೇಟಿಗೆ ಅಡ್ಡ ನಿಂತಿದೆ. ನಮ್ಮ ಬಳಗ ಕಲ್ಲಿನ ಕಟ್ಟೆ ಮೇಲೆ ಚಕ್ಕಳಮಕ್ಕಳ ಹಾಕಿ ರೊಟ್ಟಿ ಗಂಟು ಬಿಚ್ಚಿದೆ. ಮಾವ ಕಂಬಕ್ಕೆ ಗುದ್ದಿ ನೋಡ್ತಾ, “ಕಲ್ಲ ಗಟ್ಟಿ ಐತಿ... ಎಮ್ಮಿ ಇಲ್ಲೆ ಕಟ್ಟಬಹುದು... ಬಾವಿಗೆ ಒಂದು ಮೋಟರ್ ಕೂಡಿಸಬೇಕು,” ಅಂತಿದ್ದಾನೆ. ಬಾಗಿಲಲ್ಲಿ ಆಂಟಿ ಸೊಂಟದ ಮೇಲೆ ಕೈಯಿಟ್ಟು ಕೂಗ್ತಿದ್ದಾಳೆ, “ಘರ್ ವಿಕಪಾಚೆಂ ನಾ! ಘರ್ ವಿಕಪಾಚೆಂ ನಾ!”

ಅಂದರೆ, ಮನಿ ಮಾರೋದಿಲ್ಲ. ಹಳೇ ಮನಿ ಕೊಳ್ತೀವಿ ಅಂತ ದೂರದೂರದ ದಲ್ಲಾಳಿಗಳು ಬಂದು ಆಕಿ ತಲೆ ತಿಂದಿದ್ದರು. ಇವರೂ ಅಂಥವರೇ ಅಂದುಕೊಂಡಿದ್ದಾಳೆ.

ಮಾವ ನನ್ನನ್ನ ಕಂಡ. ಸೈಕಲ್, ಬುಟ್ಟಿ ಅವನ ಕಣ್ಣಿಗೆ ಬೀಳಲೇ ಇಲ್ಲ.

“ಬಂದೇನಪಾ? ಈ ಮುದುಕಿ ಯಾರು? ಬಾಡಿಗಿ ಕೊಟ್ಟೀಯೇನು? ಭಾಳ ಜೋರ ಅದಾಳ. ಮೊದಲ ಬಿಡಸು.”

ಆಂಟಿ ನನ್ನನ್ನ ಕಂಡಳು. “ಪೊದೆರ್! ಇವರು ನಿಮ್ಮ ಕಡೆಯವರು ಇದ್ದಂಗಿದೆ. ಹೇಳು ಇವರಿಗೆ!”

ಆಕಿಯ ಕೊಂಕಣಿ ಇವರಿಗೆ ಗೊತ್ತಿಲ್ಲ, ಇವರ ಕನ್ನಡ ಆಕಿಗೆ ಗೊತ್ತಿಲ್ಲ. ನಡುವೆ ನಾನು. ನನ್ನಂಥ ಹುಷಾರ್ ಮನುಷ್ಯನಿಗೆ ಇದಕ್ಕಿಂತ ಒಳ್ಳೇ ಜಾಗ ಉಂಟೇನ್ರಿ? ಮಾವನಿಗೆ ಅಂದೆ, “ಆಕಿ ಚಹಾ ಕುಡೀರಿ ಅನ್ನಾಕತ್ತಾಳ.” ಆಂಟಿಗೆ ಅಂದೆ, “ನಿಮ್ಮ ಮನಿ ಭಾಳ ಚಂದ ಐತಿ ಅಂತಿದ್ದಾರೆ.” ಆಂಟಿ ಮತ್ತೆ ಉದ್ದಕ್ಕೆ ಒದರಿದಳು. ಮಾವನಿಗೆ ಅಂದೆ, “ಸಕ್ಕರಿ ಎಷ್ಟ ಹಾಕ್ಲಿ ಅಂತಾಳ.”

ಕಟ್ಟೆಯ ತುದಿಯಿಂದ ಆಕಿ ಎದ್ದು ಬಂದಳು. ಮಾವನ ಮಗಳು. ಎಷ್ಟೋ ದಿನದ ಮೇಲೆ ಎದುರಾಎದುರು ನೋಡಿದ್ದು, ಕಾಲಿಗೆ ಪೆಡಲ್ ಸಿಗಲಿಲ್ಲ ನನಗೆ.

“ಅಷ್ಟು ಸಿಟ್ಟಿನಿಂದ ಸಕ್ಕರಿ ಕೇಳೋರನ್ನ ನಾ ನೋಡಿಲ್ಲ,” ಅಂದಳು. “ಆಕಿ ಏನಂದ್ಲು? ನೀರ ಹಾಕದ ಹೇಳು.”

ನಾಲಿಗೆ ತುದಿಯಲ್ಲಿ ಇನ್ನೂ ಒಂದು ಒಳ್ಳೇ ಸುಳ್ಳು ಇತ್ತು. ನುಂಗಿದೆ. ಹೆಣ್ಣು ಹೋದರೆ ಹೋಗಲಿ ಅಂತ ಗಟ್ಟಿಯಾಗಿ ಅಂದೆ, “ಮಾವಾ, ಇದು ಆಕಿ ಮನಿ. ನೀವು ಕೊಳ್ಳಾಕ ಬಂದೀರಿ ಅಂತ ಬೈಯಾಕತ್ತಾಳ. ನಾ ಸೈಕಲ್ ಮ್ಯಾಲ ಪಾವ್ ಮಾರಾಂವ. ನನ್ನ ಬೇಕರಿ ಬಿಸಿನೆಸ್ ಇದ ಬುಟ್ಟಿ.”

ಮಾವ ಕಣ್ಣು ಹೊಡೆದ. “ಗೊತ್ತೈತಿ, ಗೊತ್ತೈತಿ. ಸಣ್ಣಗ ಹೇಳು. ದೃಷ್ಟಿ ತಾಗೀತು.”

“ಖರೇನ ಮಾವ!”

“ಬುಟ್ಟೀನೂ ಇಟ್ಕೊಂಡಾನ ನೋಡ್ರಿ, ಇನ್‌ಕಂ ಟ್ಯಾಕ್ಸಿನವರಿಗೆ ಅನುಮಾನ ಬರಬಾರದಂತ! ಭಲೇ ಅಳಿಯಾ!”

ಜೀವನದಲ್ಲಿ ಮೊದಲನೇ ಸಲ ಪೂರಾ ಖರೇ ಹೇಳಿದ್ದೆ, ಒಬ್ಬರೂ ನಂಬಲಿಲ್ಲ. ಬ್ಯಾರೆ ದಾರಿ ಕಾಣದೆ ಹಾರ್ನ್ ಹೊಡೆದೆ. ಪೊಂಪ್, ಪೊಂಪ್. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. “ಪೊದೆರ್, ಯಾಕೆ ತಡ?” “ಪೊದೆರ್, ಬಿಸಿ ಇದೆಯಾ?” ಅಂತ ಚೀಲ ಹಿಡಿದು ಮಂದಿ ಬಂದರು. ಒಬ್ಬಾಕಿ ಬಾಣಂತಿ ಕಿಟಕಿಯಿಂದಲೇ ಕೈ ಚಾಚಿದಳು. ನಾನು ಎಂದಿನಂತೆ ಕೊಡುತ್ತಾ ಹೋದೆ. ಯಾರಿಗೆ ಮೆತ್ತಗಿನದು, ಯಾರಿಗೆ ಕರಕರೆಯದು ಅಂತ ಕೇಳುವ ಜರೂರೇ ಇರಲಿಲ್ಲ.

ಮಾವನ ಕೈ ಮೀಸೆ ಮೇಲೇ ನಿಂತುಬಿಟ್ಟಿತು. “ಲೇ,” ಅಂದ ನಿಧಾನಕ್ಕೆ, “ನೀ ಖರೇನ ಬ್ರೆಡ್ ಮಾರ್ತಿಯಲ್ಲೋ.”

ಇವರು ನನಗೆ ನೋಡಿದ ಹೆಣ್ಣಿನ ಕಡೆಯವರು ಅಂತ ಕೊಂಕಣಿಯಲ್ಲಿ ಹೇಳಿದ್ದೇ ತಡ, ಆಂಟಿ ಬೇರೆಯೇ ಆದಳು. ಕೈಮುಗಿದು ಒಳಗೆ ಹೋಗಿ ಖರೇನ ಚಹಾ ಮಾಡಿ ತಂದಳು. ಆಮೇಲೆ ಹುಡುಗಿ ಮುಂದೆ ನಿಂತು ನನ್ನ ಕಡೆ ಬೊಟ್ಟು ಮಾಡಿ ಏನೇನೋ ಹೇಳತೊಡಗಿದಳು. ಆಕಿ ನನ್ನ ಕಡೆ ನೋಡಿದಳು. “ಏನಂತಾಳ?”

ಏನು ಹೇಳಲಿ? ಮಳೆಗಾಲದಲ್ಲಿ ರಸ್ತೆ ಮುಳುಗಿ ಅಂಗಡಿ ಬಂದಾಗಿದ್ದಾಗಲೂ ಇಂವ ಪಾವ್ ತಂದಿದ್ದ ಅಂತ ಆಂಟಿ ಹೊಗಳ್ತಿದ್ದಳು. ಇಷ್ಟು ವರ್ಷ ನನ್ನ ಗುಣಗಾನ ನಾನೇ ಮಾಡಿಕೊಂಡವನು, ಇನ್ನೊಬ್ಬರು ಮಾಡಿದಾಗ ಕನ್ನಡಕ್ಕೆ ತರಲಿಕ್ಕೆ ಬಾಯೇ ಬರಲಿಲ್ಲ. “ಏನಿಲ್ಲ, ಸುಮ್ನ...” ಅಂದೆ.

ಆಂಟಿಗೆ ಸಿಟ್ಟು ಬಂತು. ನನ್ನನ್ನ ಪಕ್ಕಕ್ಕೆ ಸರಿಸಿ, ತಲೆ ಮೇಲೆ ಬುಟ್ಟಿ ಹೊತ್ತಂಗೆ ಕೈ ಎತ್ತಿ, ಇನ್ನೊಂದು ಕೈಯಲ್ಲಿ ಗೌನು ಮೊಣಕಾಲ ಮಟ ಹಿಡಿದು, ಅಂಗಳದಲ್ಲಿ ನೀರೊಳಗೆ ನಡೆದಂಗೆ ನಡೆದು ತೋರಿಸಿದಳು. ಕಡೀಕ ಕಾಲು ಜಾರಿದಂಗೆ ಓಲಾಡಿ, ಬುಟ್ಟಿ ಮಾತ್ರ ಬೀಳಿಸದೆ, ಬಾಯಿಂದ “ಪೊಂಪ್ ಪೊಂಪ್” ಅಂದಳು. ನಮ್ಮ ಬಳಗವೆಲ್ಲ ಚಪ್ಪಾಳೆ ಹೊಡೆಯಿತು. ಆಕಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ನಗುವನ್ನ ನಾನು ವಿಡಿಯೋ ಮಾಡಲಿಲ್ಲ. ನೆನಪೇ ಆಗಲಿಲ್ಲ ನೋಡ್ರಿ.

ಮಾವ ಮಾತ್ರ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಚಹಾದಲ್ಲಿ ಪಾವ್ ಅದ್ದಿ ಅದ್ದಿ ತಿಂದ, ಹೊರಡುವಾಗ ಬುಟ್ಟಿಯಲ್ಲಿ ಉಳಿದದ್ದನ್ನೂ ಕಟ್ಟಿಸಿಕೊಂಡ. ಕ್ರೂಸರ್ ಹೊಗೆ ಬಿಟ್ಟು ಹೋಯಿತು. ನಾನು ರೂಮಿಗೆ ಬಂದು ಗೋಡೆ ನೋಡ್ತಾ ಕುಂತೆ.

ಅಷ್ಟರಲ್ಲಿ ಗೆಳೆಯ ಮೊಬೈಲ್ ಎತ್ತಿ ಕೂಗಿದ, “ದೋಸ್ತ, ನಿಮ್ಮ ಮಾವ ಸ್ಟೇಟಸ್ ಹಾಕ್ಯಾನ!”

ನೋಡಿದರೆ ಮಾವ ಆಂಟಿಯ ಮನಿ ಮುಂದೆ ಕಂಬಕ್ಕೆ ಒರಗಿ, ಕರೇ ಚಾಳೀಸು ಹಾಕಿ ನಿಂತಿದ್ದಾನೆ. ಕೆಳಗೆ ಬರೆದಿದ್ದಾನೆ: ‘ಗೋವಾ. ನಮ್ಮ ಮಗಳನ್ನ ಕೊಡೋ ಮನಿ.’

ತಕ್ಷಣ ಫೋನ್ ಹಚ್ಚಿದೆ. “ಮಾವಾ, ಎಲ್ಲಾ ಗೊತ್ತಾದ ಮ್ಯಾಲನೂ ಹಿಂಗ ಹಾಕೀರಲ್ಲ!”

“ಸುಮ್ನಿರಪಾ. ನಮ್ಮ ಓಣಿ ಗೌಡ ಹೋದ ವಾರ ಮಗನ ಹೊಸ ಟ್ರ್ಯಾಕ್ಟರ್ ಅಂತ ಹಾಕಿದ್ದ. ಬಾಡಿಗಿದು ಅದು, ನನಗ ಗೊತ್ತಿಲ್ಲೇನು? ಉರೀಲಿ ಅವಂದೂ!”

ಹಿಂದಿನ ಸೀಟಿನಿಂದ ಆಕಿಯ ದನಿ ಕೇಳಿಸಿತು. “ಅಪ್ಪಾ, ಯಾಕ ಹಾಕೀನಿ ಅಂತ ಕೆಳಗ ಖರೇ ಬರಿ.”

“ನೀನ ಮಾತಾಡು ಇವನ ಕೂಡ,” ಅಂತ ಮಾವ ಫೋನ್ ಆಕಿ ಕೈಗೆ ಕೊಟ್ಟ.

“ಅಪ್ಪನದು ಹೌದು ಅಂತ ಕಾಣ್ತೈತಿ,” ಅಂದೆ. “ನಿಂದು?”

ಕ್ರೂಸರ್ ಘಾಟು ಹತ್ತುವ ಸದ್ದು. ಮೊಬೈಲ್ ಸಿಗ್ನಲ್ ಹೋಯಿತು ಅಂತಲೇ ತಿಳಿದಿದ್ದೆ.

“ಹೂಂ,” ಅಂದಳು.

ಕಡೀಕ ನನಗೆ ಸಿಕ್ಕದ್ದು ಆಕಿಯ ಆ ಹೂಂ.